ಮನಶ್ಶಾಸ್ತ್ರವೂ ನಮ್ಮ ಹೆಣ್ಣುಮಕ್ಕಳೂ

ಈ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡರು. ಶಾಲೆಯ ಕಟ್ಟಡ, ಪರೀಕ್ಷೆಯ ಫಲ, ಬಂದ ಬಹುಮಾನಗಳು ಮುಂತಾದುವುಗಳ ವಿಷಯವು ವಾರ್ಷಿಕ ವರದಿಯಲ್ಲಿ ಸಾಕಷ್ಟು ಬಂದಿರುವುದರಿಂದ ಅವನ್ನೇ ಮತ್ತೆ ಬರೆಯುವುದು ಬೇಡವೆಂದು ನಾವು ನಿಶ್ಚಯಿಸಿದೆವು. ನಮ್ಮ ಕಚೇರಿಗೆ ಬರುವ ತಂದೆತಾಯಿಗಳು ಮೊದಲು ಅಂಕಗಳ ಮಾತನ್ನೇ ಎತ್ತುವರು. ಆದರೆ ಎದ್ದು ಹೋಗುವ ಮುಂಚೆ, ಬಾಗಿಲ ಬಳಿ ಒಂದು ಕ್ಷಣ ನಿಂತು, ಬೇರೊಂದು ಮಾತನ್ನು ಕೇಳುವುದುಂಟು. ಅದು ಅಂಕಗಳಿಗಿಂತ ಹೆಚ್ಚಾಗಿ ಅವರ ಹೃದಯವನ್ನು ಕೊರೆಯುತ್ತಿರುವ ಮಾತು. ಶಹಾಪುರದ ಕಡೆಯ ಒಬ್ಬ ತಂದೆಯು ಇದನ್ನು ತನ್ನ ಊರಿನ ಮಾತಿನಲ್ಲಿಯೇ ಹೇಳಿದನು: “ನಮ್ಮ ಹುಡುಗಿ ತಲ್ಯಾಗ ಏನ್ ಅದ ಅಂತ ನೀವೇ ನೋಡಿ ಹೇಳ್ರಿ ಟೀಚರ್. ನೀವು ಅದನ್ನೇ ಓದೀರಂತಲ್ಲ.”

ಶಿಕ್ಷಕಿಯರ ತರಬೇತಿಯಲ್ಲಿ ಮನಶ್ಶಾಸ್ತ್ರವೆಂಬುದೊಂದು ಪಾಠವಿರುವುದೆಂಬ ಸುದ್ದಿಯು ಹೇಗೋ ಹಳ್ಳಿಗಳಿಗೂ ಮುಟ್ಟಿದೆ. ಅದರೊಡನೆ ಒಂದು ತಪ್ಪು ತಿಳಿವಳಿಕೆಯೂ ಮುಟ್ಟಿದೆ. ಈ ಶಾಸ್ತ್ರವನ್ನು ಕಲಿತವರು, ಕಣಿ ಹೇಳುವವಳು ಅಂಗೈಯನ್ನು ಓದುವಂತೆ, ಎದುರಿಗಿರುವವರ ಮನಸ್ಸನ್ನು ಓದಿಬಿಡುವರೆಂದು ಜನರು ನಂಬುವರು. ಅಂಥ ವಿದ್ಯೆಯೇನೂ ನಮಗೆ ಬಾರದು. ಬರುವುದೆಂದು ಹೇಳಿಕೊಳ್ಳುವವರಿಂದ ದೂರವಿರುವುದೇ ಒಳ್ಳೆಯದು. ಮನಶ್ಶಾಸ್ತ್ರವು ನಿಧಾನವಾಗಿ ನೋಡುವ, ನೋಡಿದುದನ್ನು ಬರೆದಿಡುವ, ತನ್ನ ಊಹೆಯನ್ನು ತಾನೇ ಪರೀಕ್ಷಿಸಿಕೊಳ್ಳುವ ಒಂದು ಕ್ರಮವಾಗಿರುತ್ತದೆ. ನಮ್ಮ ಕನ್ನಡ ನಾಡಿಗೆ ಇದು ಹೊಸದಾಗಿ ಬಂದ ಶಾಸ್ತ್ರವೂ ಅಲ್ಲ. ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ವಿಭಾಗವನ್ನು ಆರಂಭಿಸಿದರು. (1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಬಿತ್ತರಿಸಿ, ಅದಕ್ಕೆ ಆಕಾಶವಾಣಿ ಎಂಬ ಹೆಸರು ನಿಲ್ಲುವಂತೆ ಮಾಡಿದವರೂ ಇವರೇ. ಮನಸ್ಸನ್ನು ಕುರಿತು ಚಿಂತಿಸುವವರಿಗೆ ದೂರದವರ ಮಾತನ್ನು ಕೇಳುವ ಆಸೆಯು ಸಹಜವಿರಬೇಕು.) ಶತಮಾನವೇ ಕಳೆದುಹೋಗಿದ್ದರೂ ಈ ವಿದ್ಯೆಯು ನಮ್ಮ ಮನೆಗಳ ಹೊಸ್ತಿಲನ್ನು ಇನ್ನೂ ಚೆನ್ನಾಗಿ ದಾಟಿಲ್ಲ. ಆದಕಾರಣ ಈ ಕೆಲವು ಪುಟಗಳು.

ನಮ್ಮ ವಾಚಕರಲ್ಲಿ ಬಹುಮಂದಿ ಶಹಾಪುರದ ಬೆಟ್ಟವನ್ನು ನೋಡಿಯೇ ಇರುವರು. ರಸ್ತೆಯ ಒಂದು ಕಡೆಯಿಂದ ನೋಡಿದರೆ ಬೆಟ್ಟಗಳ ಸಾಲು ಅಂಗಾತ ಮಲಗಿದ ಬುದ್ಧನಂತೆ ತೋರುವುದು. ಹಣೆ, ಮೂಗು, ತುಟಿ, ಗಲ್ಲ, ಎದೆ ಎಲ್ಲವೂ ಸ್ಪಷ್ಟವಾಗಿ ಕಾಣುವುವು. ಒಮ್ಮೆ ಯಾರಾದರೂ ಬೆರಳು ಮಾಡಿ ತೋರಿಸಿದರಾಯಿತು. ಆಮೇಲೆ ಅದನ್ನು ಬರಿಯ ಬಂಡೆಗಳೆಂದು ನೋಡಬೇಕೆಂದರೂ ನಮ್ಮಿಂದಾಗದು. ಹಾಗೆಯೇ ಮುಂದೆ ಹೋಗಿ ಬೆಟ್ಟದ ಬುಡಕ್ಕೆ ಬಂದರೆ ಬುದ್ಧನಿಲ್ಲ, ಬಂಡೆಗಳೂ ಕುರುಚಲು ಗಿಡಗಳೂ ಆಡಿನ ಮಂದೆಯೂ ಇರುವುವು. ಅಲ್ಲಿಯೇ ಆಡು ಕಾಯುವ ಹುಡುಗನಿಗೆ ಅದು ಹಣೆಯೂ ಅಲ್ಲ, ಮೂಗೂ ಅಲ್ಲ. ಯಾವ ಬಂಡೆಯ ಹಿಂದೆ ಮಧ್ಯಾಹ್ನದ ನೆರಳು ಬೀಳುವುದೆಂಬುದು ಅವನಿಗೆ ಗೊತ್ತು. ಇಬ್ಬರೂ ಸುಳ್ಳು ಹೇಳುವವರಲ್ಲ. ನಮ್ಮ ಕಣ್ಣು ಅರೆಬರೆಯ ಗೆರೆಗಳನ್ನು ಕಂಡೊಡನೆ ಅವುಗಳನ್ನು ಕೂಡಿಸಿ ಒಂದು ಮುಖವನ್ನು ಮಾಡಿಕೊಳ್ಳುವುದು. ಹಾಗೆ ಮಾಡಿಕೊಂಡೆವೆಂಬುದು ನಮಗೆ ತಿಳಿಯುವುದೇ ಇಲ್ಲ. ಬಂಡೆಗಳ ಮಟ್ಟಿಗೆ ಇದು ಆನಂದದ ಸಂಗತಿಯೇ. ಮನುಷ್ಯರ ಮಟ್ಟಿಗೆ ಅಷ್ಟು ನಿರಪಾಯವಾದುದಲ್ಲ.

ಒಬ್ಬ ಹುಡುಗಿಯು ಎರಡನೆಯ ಗಂಟೆಯ ಪಾಠದಲ್ಲಿ ತೂಕಡಿಸುವಳು. ಎರಡು ದಿನ, ಮೂರು ದಿನ ಹೀಗಾದರೆ ‘ಸೋಮಾರಿ’ ಎಂಬ ಮುಖವು ನಮ್ಮ ಕಣ್ಣಿನಲ್ಲಿ ಸಿದ್ಧವಾಗಿಬಿಡುವುದು. ಅವಳ ತಂದೆತಾಯಿಗಳು ತೊಗರಿ ರಾಶಿ ಮುಗಿದ ಮೇಲೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುವರು. ಅವಳು ಅಜ್ಜಿಯ ಬಳಿ ಇದ್ದು, ನಸುಕಿನಲ್ಲೆದ್ದು ನೀರು ತಂದು, ರೊಟ್ಟಿ ಬಡಿದು, ತಮ್ಮನನ್ನು ಸಾಲೆಗೆ ಕಳಿಸಿ, ಆಮೇಲೆ ತಾನು ಬಸ್ಸು ಹತ್ತಿರುವಳು. ಇವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಇವು ತರಗತಿಯ ಹೊರಗಿರುವುವು. ತೂಕಡಿಕೆಯು ಮಾತ್ರ ಒಳಗಿರುವುದು. ಅದೇ ದಿನ ನಾವು ಹತ್ತು ನಿಮಿಷ ತಡವಾಗಿ ಬಂದರೆ, ಅದಕ್ಕೆ ಬಸ್ಸು ಕಾರಣ, ರೈಲ್ವೆ ಗೇಟು ಕಾರಣ. ನಮ್ಮ ಸ್ವಭಾವವಂತೂ ಎಂದಿಗೂ ಕಾರಣವಲ್ಲ! ತನ್ನ ನಡತೆಗೆ ಸನ್ನಿವೇಶವನ್ನೂ ಇತರರ ನಡತೆಗೆ ಅವರ ಗುಣವನ್ನೂ ಕಾರಣವಾಗಿ ಹೇಳುವ ಈ ವಾಡಿಕೆಯನ್ನು ಮನಶ್ಶಾಸ್ತ್ರಜ್ಞರು ಬಹುಕಾಲ ಶೋಧಿಸಿದ್ದಾರೆ. ಇತರರ ನಡತೆಯನ್ನು ತೂಗುವಾಗ ಸನ್ನಿವೇಶವನ್ನು ಮರೆತು ಸ್ವಭಾವವನ್ನೇ ದೂರುವುದಕ್ಕೆ 1977ರಲ್ಲಿ ಅಮೇರಿಕದ ಲೀ ರಾಸ್ ಎಂಬವರು ‘ಮೂಲಭೂತ ದೋಷ’ವೆಂಬ ಅರ್ಥದ ಹೆಸರನ್ನಿಟ್ಟರು. ಹೆಸರು ದೊಡ್ಡದಾದರೂ ಸಂಗತಿಯು ನಮ್ಮ ಅಡಿಗೆಮನೆಗಳಲ್ಲಿ ದಿನಾಲು ನಡೆಯುವಂಥದೇ.

ಈಗ ಸುರಪುರದ ಕಡೆಗೆ ಹೋಗೋಣ. ಮನುಷ್ಯನು ಮನುಷ್ಯನನ್ನು ತಿಳಿಯುವ ವಿಷಯದಲ್ಲಿ ನಮ್ಮ ಸೀಮೆಯಲ್ಲಿ ನಡೆದುದಕ್ಕಿಂತ ಹೆಚ್ಚು ಹೃದಯವನ್ನು ಕಲಕುವ ಉದಾಹರಣೆಯನ್ನು ನಾವು ಪುಸ್ತಕಗಳಲ್ಲಿ ಕಂಡಿಲ್ಲ. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಎಂಬ ಬಂಗಲೆಯನ್ನು ನಮ್ಮ ವಿದ್ಯಾರ್ಥಿನಿಯರು ಪ್ರವಾಸಕ್ಕೆ ಹೋದಾಗ ನೋಡಿ ಬರುತ್ತಾರೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹುಡುಗನಾಗಿದ್ದಾಗ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು, ಬಳಿಕ ನಿಜಾಮನ ಚಾಕರಿಗೆ ಸೇರಿದವನು. 1840ರ ದಶಕದ ಆರಂಭದಲ್ಲಿ ಸುರಪುರದ ಬೇಡ ಅರಸು ಕೃಷ್ಣಪ್ಪ ನಾಯಕನು ತೀರಿಕೊಂಡು ಸಂಸ್ಥಾನದಲ್ಲಿ ಒಳಜಗಳಗಳು ಹೆಚ್ಚಿದಾಗ, ಅಲ್ಲಿನ ಆಡಳಿತವನ್ನು ನೋಡಿಕೊಳ್ಳುವುದಕ್ಕೆ ಅವನನ್ನು ಕಳುಹಿಸಲಾಯಿತು. ಪಟ್ಟಕ್ಕೆ ಬರಬೇಕಾಗಿದ್ದ ವೆಂಕಟಪ್ಪ ನಾಯಕನು ಆಗ ಏಳೆಂಟು ವರುಷದ ಬಾಲಕ. ತಾಯಿ ರಾಣಿ ಈಶ್ವರಮ್ಮ. ಈ ಬಾಲಕನ ವಿದ್ಯಾಭ್ಯಾಸವೂ ಪಾಲನೆಯೂ ಟೇಲರನ ಪಾಲಿಗೆ ಬಂದುವು. ಹುಡುಗನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನು 1876ರಲ್ಲಿ ತೀರಿಕೊಂಡ ಮರುವರುಷ, ಮಗಳ ಕೈಯಿಂದ ಆ ಗ್ರಂಥವು ಹೊರಬಂದಿತು.

ಆ ಗ್ರಂಥದಲ್ಲಿ ಒಂದು ಪ್ರಸಂಗವು ಬರುತ್ತದೆ. ರಾಣಿಯು ಕಾಯಿಲೆಬಿದ್ದು, ತಾನು ಉಳಿಯುವೆನೆಂಬ ಆಸೆಯನ್ನು ಬಿಟ್ಟಾಗ ಟೇಲರನನ್ನು ಕರೆಯಿಸಿ, ಮಗನ ಜಾತಕವನ್ನು ಹೊರಗೆ ತೆಗೆಯಿಸಿದಳು. ಶಾಸ್ತ್ರಿಗಳು ಅದನ್ನು ಓದಿ ಹೇಳಿದರು: ಹುಡುಗನು ಇಪ್ಪತ್ತನಾಲ್ಕನೆಯ ವರುಷವನ್ನು ದಾಟುವುದಿಲ್ಲ. ಈ ಗುಟ್ಟನ್ನು ಬಲ್ಲವರು ಕೆಲವೇ ಮಂದಿ. ಆದರೆ ಆ ಕೆಲವರು ಯಾರು? ಹೆತ್ತ ತಾಯಿ, ಅರಮನೆಯ ಶಾಸ್ತ್ರಿ, ಸಾಕುತ್ತಿದ್ದ ಅಧಿಕಾರಿ. ಎಂದರೆ, ಆ ಹುಡುಗನನ್ನು ಹತ್ತಿರದಿಂದ ನೋಡತಕ್ಕ ಕಣ್ಣುಗಳೇ.

1853ರಲ್ಲಿ ರಾಜನು ಪ್ರಾಯಕ್ಕೆ ಬಂದುದರಿಂದ ಆಳಿಕೆಯನ್ನು ಅವನಿಗೆ ಒಪ್ಪಿಸಿ ಟೇಲರನು ಸುರಪುರವನ್ನು ಬಿಟ್ಟನು. 1857ರ ದೊಡ್ಡ ದಂಗೆಯ ಬಿಸಿಯು ದಕ್ಷಿಣಕ್ಕೂ ತಗಲಿ, 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಇಂಗ್ಲಿಷರಿಗೂ ಬೇಡರಿಗೂ ಯುದ್ಧವಾಯಿತು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಸೆರೆಯಲ್ಲಿ ಟೇಲರನು ಅವನನ್ನು ಕಂಡನು. ತನ್ನೊಡನೆ ಸೇರಿದವರ ಹೆಸರುಗಳನ್ನು ಹೇಳೆಂದಾಗ ರಾಜನು ಒಪ್ಪಲಿಲ್ಲ. ಕಳ್ಳನಂತೆ ನೇಣುಹಾಕಿಸಿಕೊಳ್ಳಲಾರೆನು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂಬ ಭಾವದ ಮಾತನ್ನಾಡಿದನು. ಮರಣದಂಡನೆಯು ಮೊದಲು ಗಡೀಪಾರಾಗಿ, ಆಮೇಲೆ ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರುಷಗಳ ಸೆರೆಯಾಗಿ ಇಳಿಯಿತು. ಜಾತಕವು ಸುಳ್ಳಾಯಿತೆಂದು ಟೇಲರನು ನೆಮ್ಮದಿಪಟ್ಟುಕೊಳ್ಳುವಷ್ಟರಲ್ಲಿ, ದಾರಿಯಲ್ಲಿಯೇ ರಾಜನು ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡು ಸತ್ತನೆಂಬ ಸುದ್ದಿ ಬಂದಿತು. ಅದು ಇಪ್ಪತ್ತನಾಲ್ಕನೆಯ ವರುಷ. (ರಾಜನು ತಾನಾಗಿ ಸತ್ತನೆಂಬುದನ್ನು ಒಪ್ಪದವರೂ ಉಂಟು. ಹಿಡಿದವರೇ ಬರೆದಿಟ್ಟ ದಾಖಲೆಯನ್ನು ಸೋತವರ ಮನೆಯವರು ಪೂರ್ತಿಯಾಗಿ ನಂಬದಿದ್ದರೆ ಆಶ್ಚರ್ಯವೇನು?)

ಜಾತಕವು ನಿಜವಾಯಿತೆಂದು ತೋರಿಸುವುದಕ್ಕಾಗಿ ನಾವು ಈ ಕಥೆಯನ್ನು ಹೇಳಲಿಲ್ಲ. ಜಾತಕವೇ ಅವನನ್ನು ಕೊಂದಿತೆನ್ನುವುದಕ್ಕೂ ಅಲ್ಲ. ಅವನನ್ನು ಕೊಂದ ಕಾರಣಗಳು ತೋಪು, ತಕ್ತ, ಪರರಾಜ್ಯದ ಹಸಿವು ಇವುಗಳಲ್ಲಿ ಧಾರಾಳವಾಗಿ ದೊರೆಯುವುವು. ನಮ್ಮ ಮನಸ್ಸನ್ನು ಕಾಡುವ ಪ್ರಶ್ನೆಯೇ ಬೇರೆ. ಮಗನು ಇಪ್ಪತ್ತನಾಲ್ಕನ್ನು ದಾಟುವುದಿಲ್ಲವೆಂದು ನಂಬಿದ ತಾಯಿಯು ಅವನನ್ನು ಹೇಗೆ ನೋಡುವಳು? ಅವನು ಓದನ್ನು ತಪ್ಪಿಸಿಕೊಂಡರೆ ಗದರಿಸುವಳೋ? ಇಷ್ಟು ದಿನವಾದರೂ ಸುಖವಾಗಿರಲೆಂದು ಬಿಡುವಳೋ? ಅಥವಾ ಕಳೆದುಹೋಗತಕ್ಕದ್ದರ ಮೇಲೆ ಮೋಹವಿಡಬಾರದೆಂದು ಮನಸ್ಸನ್ನು ಕಲ್ಲು ಮಾಡಿಕೊಳ್ಳುವಳೋ? ಟೇಲರನು ರಾಣಿಯ ವಿಷಯದಲ್ಲಿ ಬಹಳ ಕಟುವಾಗಿ ಬರೆದಿದ್ದಾನೆ. ಅವಳು ಮಗನ ಹಿತವನ್ನು ನೋಡಲಿಲ್ಲವೆಂಬುದು ಅವನ ದೂರು. ಆದರೆ ಅದೇ ಗ್ರಂಥದಲ್ಲಿ ಜಾತಕದ ಗುಟ್ಟೂ ಇದೆ. ಈ ಎರಡು ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಅವನು ಮಾಡಲಿಲ್ಲ. ಮನಶ್ಶಾಸ್ತ್ರವು ಮಾಡಿಸುವ ಕೆಲಸವೆಂದರೆ ಇದೇ. ಹಾಗೆ ಓದಿದಾಗ ರಾಣಿಯು ಒಳ್ಳೆಯವಳಾಗಿಬಿಡುವಳೆಂದು ಅರ್ಥವಲ್ಲ. ಆದರೆ ‘ಕೆಟ್ಟ ತಾಯಿ’ ಎಂಬ ಎರಡು ಶಬ್ದಗಳ ಹಿಂದೆ, ಮಗನ ಸಾವಿನ ದಿನವನ್ನು ಎದೆಯಲ್ಲಿಟ್ಟುಕೊಂಡು ದಿನಗಳನ್ನು ಎಣಿಸಿದ ಒಬ್ಬ ಹೆಂಗಸು ಕಾಣಿಸಿಕೊಳ್ಳುವಳು. ಅವಳು ತನ್ನ ಕಥೆಯನ್ನು ಬರೆದಿಡಲಿಲ್ಲ. ನಮಗೆ ಉಳಿದಿರುವುದು ಅವಳೊಡನೆ ಅಧಿಕಾರಕ್ಕಾಗಿ ಸೆಣಸಿದವನ ಬರಹ. ಟೇಲರನು ಜನರ ಮೆಚ್ಚುಗೆಗೆ ಪಾತ್ರನಾದ ಸಹೃದಯಿ ಅಧಿಕಾರಿಯೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹಾಗಿದ್ದರೂ ಅವನು ಬೆಟ್ಟವನ್ನು ನೋಡಿದ್ದು ತನ್ನ ಬಂಗಲೆಯ ಕಿಟಕಿಯಿಂದ.

ರಾಜನನ್ನೂ ಹಾಗೆಯೇ. ಟೇಲರನ ಕಣ್ಣಿಗೆ ಅವನು ದುರ್ಬೋಧನೆಗೆ ಒಳಗಾಗಿ ಕೆಟ್ಟುಹೋದ, ತಾನು ಎತ್ತಿ ಆಡಿಸಿದ ಹುಡುಗ. ಇಂದಿನ ಸುರಪುರದವರ ಕಣ್ಣಿಗೆ ನಾಲ್ವಡಿ ವೆಂಕಟಪ್ಪ ನಾಯಕನು ಸ್ವಾತಂತ್ರ್ಯಕ್ಕಾಗಿ ಪ್ರಾಣಕೊಟ್ಟ ವೀರ. ಸೆರೆಯಲ್ಲಿ ‘ಅಪ್ಪಾ’ ಎಂದು ಕರೆದವನೂ, ಅದೇ ಅಪ್ಪನಿಗೆ ಹೆಸರುಗಳನ್ನು ಹೇಳದವನೂ ಒಬ್ಬನೇ. ಹದಿಹರೆಯದ ಮಕ್ಕಳೊಡನೆ ಬಾಳಿದವರಿಗೆ ಇದು ವಿಚಿತ್ರವಾಗಿ ಕಾಣದು. ಪ್ರೀತಿಯೂ ಎದುರು ನಿಲ್ಲುವಿಕೆಯೂ ಅವರಲ್ಲಿ ಒಂದೇ ಮಡಿಕೆಯಲ್ಲಿರುವುವು.

ಇನ್ನು ನಮ್ಮ ಮನೆಗಳ ಜಾತಕಗಳಿಗೆ ಬರೋಣ. ಜಾತಕವೆಂದರೆ ಶಾಸ್ತ್ರಿಗಳು ಬರೆದುದೇ ಆಗಬೇಕೆಂದಿಲ್ಲ. ನಮ್ಮ ಮನೆಗಳಲ್ಲಿಯೂ, ಹೇಳಲು ಸಂಕೋಚವಾದರೂ ನಮ್ಮ ಶಾಲೆಗಳಲ್ಲಿಯೂ, ಪ್ರತಿಯೊಂದು ಹುಡುಗಿಗೂ ಒಂದು ಜಾತಕವು ಬಾಯಿಮಾತಿನಿಂದಲೇ ಬರೆಯಲ್ಪಡುತ್ತಿರುತ್ತದೆ. ‘ಇವಳಿಗೆ ಲೆಕ್ಕ ಹತ್ತುವುದಿಲ್ಲ’, ‘ಇವಳು ಹಟಮಾರಿ’, ‘ದೊಡ್ಡವಳು ಜಾಣೆ, ಚಿಕ್ಕವಳು ಬರೇ ಕೆಲಸಕ್ಕೆ ಸರಿ’, ‘ಎಷ್ಟು ಓದಿದರೇನು, ಕೊಟ್ಟ ಮನೆಗೆ ಹೋಗುವವಳು’. 2011ರ ಜನಗಣತಿಯ ಪ್ರಕಾರ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಸುಮಾರು 41 ಮಂದಿ. ಇಡೀ ಕರ್ನಾಟಕದಲ್ಲಿ ಅಕ್ಷರಸ್ಥರ ಪ್ರಮಾಣವು ಅತ್ಯಂತ ಕಡಿಮೆಯಿದ್ದ ಜಿಲ್ಲೆಯೂ ನಮ್ಮದೇ. ಬಡತನ, ಗುಳೆ, ಹತ್ತಿ ಬಿಡಿಸುವ ಕೂಲಿ, ಎಳೆಯ ವಯಸ್ಸಿನ ಮದುವೆ ಇವೆಲ್ಲ ಅದಕ್ಕೆ ಕಾರಣಗಳೇ. ಆದರೆ ಆ ಕೊನೆಯ ಮಾತು, ಕೊಟ್ಟ ಮನೆಗೆ ಹೋಗುವವಳೆಂಬ ಜಾತಕವು, ಈ ಎಲ್ಲ ಕಾರಣಗಳಿಗೂ ಬೇಲಿಯಂತೆ ನಿಂತು ಕಾವಲು ಕಾಯುತ್ತಿದೆ.

ಇದರ ಬಗ್ಗೆ ಒಂದು ಪ್ರಸಿದ್ಧ ಪ್ರಯೋಗವಿದೆ. 1965ರಲ್ಲಿ ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೋದ ಬಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ರಾಬರ್ಟ್ ರೋಸೆಂಥಾಲ್ ಎಂಬ ಪಂಡಿತರೂ ಲೆನೋರ್ ಜೇಕಬ್‌ಸನ್ ಎಂಬಾಕೆಯೂ ಕೂಡಿ ಅದನ್ನು ಮಾಡಿದರು. ಆಕೆಯು ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿ. ಈ ಸಂಗತಿಯು ನಮಗೆ ವಿಶೇಷ ಸಂತೋಷವನ್ನು ಕೊಡುತ್ತದೆ. ಮಕ್ಕಳಿಗೆಲ್ಲ ಒಂದು ಬುದ್ಧಿಪರೀಕ್ಷೆಯನ್ನು ಕೊಟ್ಟು, ಐವರಲ್ಲಿ ಒಬ್ಬರಂತೆ ಕೆಲವರ ಹೆಸರುಗಳನ್ನು ಶಿಕ್ಷಕರಿಗೆ ತಿಳಿಸಿ, ಈ ಮಕ್ಕಳು ಈ ವರುಷ ಬಹಳ ಮುಂದೆ ಬರುವರೆಂದು ಹೇಳಿದರು. ನಿಜವಾಗಿ ಆ ಹೆಸರುಗಳನ್ನು ಚೀಟಿ ಎತ್ತಿದಂತೆ ಆರಿಸಲಾಗಿತ್ತು. ವರುಷದ ಕೊನೆಗೆ ನೋಡಿದರೆ, ಮುಖ್ಯವಾಗಿ ಒಂದನೆಯ ಎರಡನೆಯ ತರಗತಿಗಳಲ್ಲಿ, ಆ ಮಕ್ಕಳು ಇತರರಿಗಿಂತ ಹೆಚ್ಚು ಮುಂದೆ ಬಂದಿದ್ದರು. 1968ರಲ್ಲಿ ಇದು ಪುಸ್ತಕವಾಗಿ ಬಂದಾಗ ದೊಡ್ಡ ಗದ್ದಲವೇ ಆಯಿತು. ಮುಂದೆ ಬಂದ ಶೋಧಕರು ಈ ಪರಿಣಾಮವು ಮೊದಲು ಹೇಳಿದಷ್ಟು ದೊಡ್ಡದಲ್ಲವೆಂದು ತೋರಿಸಿದ್ದಾರೆ. ಅದನ್ನು ಮರೆಮಾಡಿ ಹೇಳುವುದು ನ್ಯಾಯವಲ್ಲ. ಆದರೆ ಚಿಕ್ಕ ಪರಿಣಾಮವೆಂದರೆ ಇಲ್ಲದ ಪರಿಣಾಮವಲ್ಲ. ಆಶೆಯಿಟ್ಟ ಹುಡುಗಿಗೆ ಶಿಕ್ಷಕಿಯು ಉತ್ತರಕ್ಕಾಗಿ ಸ್ವಲ್ಪ ಹೆಚ್ಚು ಹೊತ್ತು ಕಾಯುವಳು, ತಪ್ಪು ಹೇಳಿದರೆ ಇನ್ನೊಂದು ಅವಕಾಶ ಕೊಡುವಳು, ನಗುವಳು. ಆಶೆಯಿಲ್ಲದ ಹುಡುಗಿಯನ್ನು ‘ಕೂತುಕೋ’ ಎಂದುಬಿಡುವಳು. ಹತ್ತು ವರುಷಗಳ ಶಾಲೆಯಲ್ಲಿ ‘ಕೂತುಕೋ’ ಎಂಬ ಮಾತು ಎಷ್ಟು ಸಲ ಬರುವುದೆಂದು ಯಾರಾದರೂ ಲೆಕ್ಕ ಹಾಕಲಿ.

ನಮ್ಮ ಶಾಲೆಗೆ ಒಂದು ತಾಂಡಾದಿಂದ ಒಬ್ಬ ಹುಡುಗಿಯು ಬಂದಿದ್ದಳು. ಹಿಂದಿನ ಶಾಲೆಯಿಂದ ಅವಳೊಡನೆ ‘ಮಾತು ಕಡಿಮೆ, ಗ್ರಹಣಶಕ್ತಿ ಸಾಲದು’ ಎಂಬ ಮಾತೂ ಬಂದಿತ್ತು. ತರಗತಿಯಲ್ಲಿ ಅವಳು ಬಾಯಿ ತೆರೆಯುತ್ತಿರಲಿಲ್ಲವೆಂಬುದು ನಿಜ. ನಮ್ಮ ಸಹೋದ್ಯೋಗಿಯೊಬ್ಬರು ಯಾದಗಿರಿಯ ಸಂತೆಯಲ್ಲಿ ಅವಳನ್ನು ಕಂಡರು. ಅವಳು ತಾಯಿಯ ಪಕ್ಕದಲ್ಲಿ ಕುಳಿತು ತಾಯಿಯೊಡನೆ ಲಂಬಾಣಿ ಭಾಷೆಯಲ್ಲಿ, ಗಿರಾಕಿಗಳೊಡನೆ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಚೌಕಾಶಿ ಮಾಡುತ್ತ, ಚಿಲ್ಲರೆಯನ್ನು ಬಾಯಿಲೆಕ್ಕದಲ್ಲಿ ತಪ್ಪದೆ ಎಣಿಸಿ ಕೊಡುತ್ತಿದ್ದಳು. ಶಾಲೆಯ ಪುಸ್ತಕದ ಕನ್ನಡವು ಅವಳಿಗೆ ನಾಲ್ಕನೆಯ ಭಾಷೆಯೆಂದು ಹೇಳಿದರೂ ಸಲ್ಲುವುದು. ಸೋಮವಾರ ಅವಳ ಬಗೆಗೆ ಶಿಕ್ಷಕಿಯರ ಕೊಠಡಿಯಲ್ಲಿ ನಡೆದ ಮಾತೇ ಬೇರೆಯಾಗಿತ್ತು. ಹುಡುಗಿಯು ಬದಲಾಗಿರಲಿಲ್ಲ.

ಇತರರನ್ನು ತಿಳಿಯುವ ಮಾತು ಇಷ್ಟಾಯಿತು. ತನ್ನನ್ನು ತಾನು ತಿಳಿಯುವುದು ಇದಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಅಲ್ಲಿ ಸಾಕ್ಷಿಯೂ ನ್ಯಾಯಾಧೀಶನೂ ಅಪರಾಧಿಯೂ ಒಬ್ಬರೇ. ‘ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂದು ನಮ್ಮ ಹಿರಿಯರು ಆಡಿದ ಗಾದೆಯಲ್ಲಿ ಫ್ರಾಯ್ಡ್ ಮೊದಲಾದವರು ವಿಸ್ತರಿಸಿ ಬರೆದ ಒಂದು ತತ್ತ್ವವು ಅಡಗಿದೆ. ಆಡಬೇಕಾದ ಕಡೆ ಆಡಲಾರದ ಸಿಟ್ಟು ಆಡಬಹುದಾದ ಕಡೆ ಹೊರಬೀಳುವುದು. ಮನೆಯಲ್ಲಿ ಹಾಲು ಉಕ್ಕಿ, ಬಸ್ಸು ತಪ್ಪಿ, ಮೇಲಿನವರಿಂದ ಒಂದು ಖಾರವಾದ ಪತ್ರವು ಬಂದ ದಿನ ಶಿಕ್ಷಕಿಯ ಕಣ್ಣಿಗೆ ಬೆಂಚಿನ ಮೇಲಿನ ಪ್ರತಿಯೊಂದು ಪಿಸುಮಾತೂ ಮಹಾಪರಾಧವಾಗಿ ತೋರುವುದು. ಇದನ್ನು ಮಕ್ಕಳು ಬಹುಬೇಗನೆ ಅರಿಯುವರು. ನಮ್ಮ ಶಾಲೆಯ ಕೊನೆಯ ಬೆಂಚಿನವರು ಬಾಗಿಲಲ್ಲಿ ಕಾಲಿಡುವ ಶಿಕ್ಷಕಿಯ ಹೆಜ್ಜೆಯ ಸಪ್ಪಳದಿಂದಲೇ ಆ ದಿನದ ಹವಾಮಾನವನ್ನು ಹೇಳಬಲ್ಲರೆಂದು ನಾವು ಬಲ್ಲೆವು. ಅವರೇ ನಿಜವಾದ ಮನಶ್ಶಾಸ್ತ್ರಜ್ಞರು! ತಂದೆತಾಯಿಗಳ ವಿಷಯದಲ್ಲಿಯೂ ಹೀಗೆಯೇ. ಬೆಳೆ ಹಾಳಾದ ವರುಷ, ಸಾಲದವನು ಬಾಗಿಲಿಗೆ ಬಂದ ವಾರ, ಮಗಳ ಅಂಕಗಳು ಹಿಂದಿನ ವರುಷದಷ್ಟೇ ಇದ್ದರೂ ಹೊಡೆತವು ಹೆಚ್ಚು ಬೀಳುವುದು.

ಇನ್ನೊಂದು ಸಂಗತಿಯು ನಮ್ಮ ಉದ್ಯೋಗಕ್ಕೆ ಸೇರಿದ್ದು. 1920ರಲ್ಲಿ ಥಾರ್ನ್‌ಡೈಕ್ ಎಂಬವರು, ಮನುಷ್ಯನಲ್ಲಿ ಒಂದು ಗುಣವು ನಮಗೆ ಮೆಚ್ಚಿಗೆಯಾದರೆ ಅವನ ಇತರ ಗುಣಗಳಿಗೂ ನಾವು ತಿಳಿಯದೆಯೇ ಹೆಚ್ಚು ಬೆಲೆಯನ್ನು ಕಟ್ಟುವೆವೆಂದು ತೋರಿಸಿದರು. ಅವರು ನೋಡಿದ್ದು ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು. ಆದರೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ, ಮುತ್ತಿನಂಥ ಅಕ್ಷರ ಬರೆಯುವ ಹುಡುಗಿಯ ಸಮಾಜಶಾಸ್ತ್ರದ ಉತ್ತರವು ನಮಗೆ ಹೇಗೆ ತೋರುವುದೆಂಬುದನ್ನು ಅವರು ಬಂದು ನೋಡಿದ್ದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದರು. ಒಂದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾವು ಹೆಸರುಗಳ ಮೇಲೆ ಕಾಗದದ ಪಟ್ಟಿಯನ್ನು ಅಂಟಿಸಿ, ಒಂದೇ ಉತ್ತರಪತ್ರಿಕೆಯನ್ನು ಇಬ್ಬರು ಶಿಕ್ಷಕಿಯರಿಗೆ ಬೇರೆಬೇರೆಯಾಗಿ ಕೊಟ್ಟು ನೋಡಿದೆವು. ಪಟ್ಟಿಗಳನ್ನು ಕಿತ್ತ ಸಂಜೆ ಶಿಕ್ಷಕಿಯರ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಮೌನ, ಆಮೇಲೆ ಬಹಳ ಹೊತ್ತು ನಗು. ಅಂದಿನಿಂದ ಪಟ್ಟಿ ಅಂಟಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅಂಟಿನ ಖರ್ಚು ಮಾತ್ರ ಸ್ವಲ್ಪ ಹೆಚ್ಚಾಗಿದೆ.

ಇಲ್ಲಿ ತಂದೆತಾಯಿಗಳಿಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳತಕ್ಕದ್ದಿದೆ. ಸ್ವಲ್ಪ ಮನಶ್ಶಾಸ್ತ್ರವನ್ನು ಕೇಳಿದವರು ಅದರ ಶಬ್ದಗಳನ್ನೇ ಹೊಸ ಬೈಗುಳಗಳನ್ನಾಗಿ ಮಾಡಿಕೊಳ್ಳುವುದನ್ನು ನಾವು ಈಚೆಗೆ ಕಾಣುತ್ತಿದ್ದೇವೆ. ‘ಅವಳಿಗೆ ಡಿಪ್ರೆಶನ್’, ‘ಇವಳಿಗೆ ಕಾಂಪ್ಲೆಕ್ಸ್’ ಎಂದು ಒಂದು ಮಾತಿನಲ್ಲಿ ಮುಗಿಸುವುದು, ‘ಗಾಳಿ ಸೋಕಿದೆ’ ಎನ್ನುವುದಕ್ಕಿಂತ ಯಾವ ವಿಧದಲ್ಲಿಯೂ ಹೆಚ್ಚಿನ ಜ್ಞಾನವಲ್ಲ. ಎರಡರಲ್ಲಿಯೂ ಹುಡುಗಿಯನ್ನು ಕೇಳುವ ಶ್ರಮವು ತಪ್ಪುತ್ತದೆ. ಮತ್ತೊಂದು ಕಡೆ, ನಿಜವಾಗಿಯೂ ಮನಸ್ಸಿನ ಕಾಯಿಲೆಯಾದಾಗ ಅದನ್ನು ಸೊಕ್ಕೆಂದೋ ನಾಟಕವೆಂದೋ ತಳ್ಳಿಬಿಡುವುದೂ ಇದೆ. ಪ್ರತಿ ಸೋಮವಾರ ಹೊಟ್ಟೆನೋವೆಂದು ಅಳುವ ಹುಡುಗಿಗೆ ವೈದ್ಯರು ಹೊಟ್ಟೆಯಲ್ಲಿ ಏನೂ ಇಲ್ಲವೆಂದರೆ, ನೋವು ಸುಳ್ಳೆಂದು ಅರ್ಥವಲ್ಲ. ಬಾಯಿಂದ ಹೇಳಲಾಗದುದನ್ನು ಮೈಯು ಹೇಳುವುದುಂಟು. ಹುಡುಗಿಯು ವಾರಗಟ್ಟಲೆ ಉಣ್ಣದೆ, ನಿದ್ರಿಸದೆ, ಗೆಳತಿಯರನ್ನು ಬಿಟ್ಟು ಮೂಲೆ ಸೇರಿದರೆ, ಅಥವಾ ಬದುಕು ಬೇಡವೆಂಬ ಮಾತನ್ನು ಒಮ್ಮೆಯಾದರೂ ಆಡಿದರೆ, ದಯವಿಟ್ಟು ಅದನ್ನು ಗದರಿಸಿ ಮುಚ್ಚಬೇಡಿರಿ. ಹತ್ತಿರ ಕುಳಿತು ಕೇಳಿರಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಸಾಮಾನ್ಯ ಆಸ್ಪತ್ರೆಗಳ ವೈದ್ಯರಿಗೆ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿ, ಹಳ್ಳಿಯವರಿಗೂ ಅದು ದೊರೆಯುವಂತೆ ಮಾಡಿ ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮೇಲ್ಪಂಕ್ತಿಯಾಯಿತು. 2022ರ ಅಕ್ಟೋಬರದಿಂದ 14416 ಎಂಬ ದೂರವಾಣಿಯೂ ಸರಕಾರದಿಂದ ನಡೆಯುತ್ತಿದೆ. ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಲು ಯಾವ ಸಂಕೋಚವೂ ಬೇಡ; ಹಾವು ಕಡಿದರೆ ಆಸ್ಪತ್ರೆಗೆ ಓಡಲು ನಾವು ಸಂಕೋಚಪಡುವೆವೇ?

ಕೊನೆಗೆ ನಮ್ಮ ಶಾಲೆಯ ಒಂದು ಸಣ್ಣ ಬದಲಾವಣೆಯನ್ನು ಹಳೆಯ ವಿದ್ಯಾರ್ಥಿನಿಯರ ಗಮನಕ್ಕೆ ತರಬೇಕಾಗಿದೆ. ಹಿಂದೆ ಪ್ರತಿಯೊಬ್ಬ ಹುಡುಗಿಯ ಹೆಸರಿನ ಮುಂದೆ ‘ಸ್ವಭಾವ’ ಎಂಬ ಒಂದು ಅಂಗುಲದ ಅಂಕಣವಿದ್ದು, ಅದರಲ್ಲಿ ಒಂದೇ ಶಬ್ದವನ್ನು ಬರೆಯುವ ಪದ್ಧತಿಯಿತ್ತು. ಅದನ್ನು ತೆಗೆದುಹಾಕಿದ್ದೇವೆ. ಈಗ ಪ್ರತಿಯೊಬ್ಬಳಿಗೂ ಒಂದು ಪುಟವಿದ್ದು, ಅದರಲ್ಲಿ ಗುಣವಾಚಕಗಳನ್ನು ಬರೆಯತಕ್ಕದ್ದಲ್ಲ. ತಾರೀಖು ಹಾಕಿ, ಕಣ್ಣಾರೆ ಕಂಡುದನ್ನು ಮಾತ್ರ ಬರೆಯತಕ್ಕದ್ದು. ಮೊದಮೊದಲು ಶಿಕ್ಷಕಿಯರಿಗೆ ಇದು ಬಹಳ ಕಷ್ಟವಾಯಿತು. ‘ಹಟಮಾರಿ’ ಎಂದು ಬರೆಯುವುದಕ್ಕೆ ಒಂದು ಕ್ಷಣ ಸಾಕು. ಹಟವೆಂದು ನಮಗೆ ತೋರಿದುದು ಯಾವ ದಿನ, ಯಾರೊಡನೆ, ಯಾವ ಮಾತಿಗೆ ಎಂಬುದನ್ನು ಬರೆಯಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷಗಳಲ್ಲಿ ಅರ್ಧಕ್ಕರ್ಧ ಹಟಗಳು ಬರೆಯತಕ್ಕವಲ್ಲವೆಂದು ತೋರಿಬರುವುದೂ ಉಂಟು.

ಕಳೆದ ಜೂನಿನಲ್ಲಿ ಒಬ್ಬ ಹಳೆಯ ವಿದ್ಯಾರ್ಥಿನಿಯು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ಈಗ ರಾಯಚೂರಿನ ಕಡೆ ದಾದಿಯ ಕೆಲಸದಲ್ಲಿರುವಳು. ತನ್ನ ಕಾಲದ ದಾಖಲೆಯನ್ನು ನೋಡಬೇಕೆಂದು ಕೇಳಿದಳು. ಕಪಾಟಿನಿಂದ ಹಳೆಯ ಪುಸ್ತಕವನ್ನು ತೆಗೆದು ಅವಳ ಹೆಸರಿದ್ದ ಸಾಲನ್ನು ತೋರಿಸಿದೆವು. ಅಂಕಣದಲ್ಲಿ, ನಮಗಿಂತ ಹಿಂದೆ ಇದ್ದ ಯಾರದೋ ಅಂದವಾದ ಕೈಬರಹದಲ್ಲಿ, ‘ಮೊಂಡು’ ಎಂದಿತ್ತು. ಅವಳು ಅದನ್ನು ಓದಿ, ಮಗಳಿಗೆ ಕಾಣದಂತೆ ಪುಸ್ತಕವನ್ನು ಮುಚ್ಚಿ, “ಇದು ನನಗ ಗೊತ್ತಿತ್ರಿ ಟೀಚರ್, ಆ ವರ್ಷಾನೇ ಯಾರೋ ಓದಿ ಹೇಳಿದ್ರು,” ಎಂದಳು. ಮಗಳ ಪುಟದಲ್ಲಿ ಇದುವರೆಗೆ ಎರಡು ಬರಹಗಳು ಬಂದಿವೆ. ಜುಲೈ 9ರಂದು, ಮಳೆಯಲ್ಲಿ ನೆನೆದ ಗೆಳತಿಗೆ ತನ್ನ ಒಣಗಿದ ಲಂಗವನ್ನು ಕೊಟ್ಟು ತಾನು ಒದ್ದೆ ಬಟ್ಟೆಯಲ್ಲಿಯೇ ಕುಳಿತಳು. ಆಗಸ್ಟ್ 2ರಂದು, ಲೆಕ್ಕದ ಶಿಕ್ಷಕಿಯು ಕರಿಹಲಗೆಯ ಮೇಲೆ ಬರೆದ ಉತ್ತರವು ತಪ್ಪೆಂದು ಎದ್ದು ನಿಂತು ಹೇಳಿದಳು, ಉತ್ತರವು ತಪ್ಪಾಗಿತ್ತು.